ಕಳೆದುಹೋದ ಕಂತು: ಮೂರನೇ ವಾರ, ಟೇಪಿಗೆ ಇಳಿಸುವ ಕೆಲಸ

ಹಳೇ ಕ್ಯಾಸೆಟ್‌ನಲ್ಲಿ ಸಿಕ್ಕ, ಎಲ್ಲರೂ ಮರೆತ ಟಿವಿ ಕಂತು ಎಂಬಂತೆ ನಾವು ಮಾಡುತ್ತಿರುವ ಮೂರು ನಿಮಿಷದ ಭಯದ ಕಾರ್ಟೂನಿನ ಚಿತ್ರಗಳೆಲ್ಲ ಮುಗಿದವು. ಸೆಕೆಂಡಿಗೆ 25 ಫ್ರೇಮ್, ಒಂದು ಚಿತ್ರ ಎರಡು ಫ್ರೇಮ್ ನಿಲ್ಲುತ್ತದೆ ಅಂದರೂ 2,250 ಚಿತ್ರ ಬೇಕಿತ್ತು. ನಡಿಗೆ, ತುಟಿ ಅಲುಗುವುದು ಇವನ್ನೇ ತಿರುಗಿಸಿ ತಿರುಗಿಸಿ ಬಳಸಿದ್ದರಿಂದ 410ರಲ್ಲಿ ಆಯಿತು. ಭಯ ಇರುವುದೂ ಇಲ್ಲೇ: ಹುಡುಗ ಚಾಳಿನ ಪಡಸಾಲೆಯಲ್ಲಿ ಅದೇ ನಡಿಗೆ ನಡೆಯುತ್ತಾನೆ, ಐದನೇ ಸುತ್ತಿಗೆ ಒಂದು ಬಾಗಿಲು ತೆರೆದಿರುತ್ತದೆ. ಇಂಥ ಕಥೆಗಳಲ್ಲಿ ಸವೆದುಹೋದ ರಕ್ತದ ಕಣ್ಣು ನಮಗೆ ಬೇಡ.

ಕ್ಯಾಸೆಟ್ 1991ರದ್ದು ಎಂದು ನಂಬಿಸಬೇಕು. ಹಾಗಾಗಿ ಚೀಟಿಯ ಮೇಲೆ ಬೊಂಬಾಯಿ ಎಂದೇ ಇರಬೇಕು; ಮುಂಬೈ ಅಧಿಕೃತ ಹೆಸರಾದದ್ದು 1995ರಲ್ಲಿ. ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದೂ ಅದೇ ವರ್ಷ, ಆ ಲೋಗೋ ಹಾಕಿದರೆ ಕಥೆ ಅಲ್ಲಿಗೇ ಮುರಿಯುತ್ತದೆ.

ಟೇಪು ಹಾಳಾದಂಥ ನೋಟವನ್ನು ಕಂಪ್ಯೂಟರಿನ ಫಿಲ್ಟರ್‌ನಿಂದ ತರಬೇಡಿ, ನಿಜವಾದ ವಿಸಿಆರ್‌ನಿಂದಲೇ (ವಿಡಿಯೊ ಕ್ಯಾಸೆಟ್ ಯಂತ್ರ) ತನ್ನಿ. ಚಿತ್ರದ ತಳದಲ್ಲಿ ಹರಿದಂತೆ ಕಾಣುವ ಕೆಲವು ಸಾಲು ಟೇಪನ್ನು ಓದುವ ಹೆಡ್ ಒಂದರಿಂದ ಇನ್ನೊಂದಕ್ಕೆ ಬದಲಾಗುವಾಗಿನ ಗದ್ದಲ. ಹಳೆಯ ಟಿವಿಯಲ್ಲಿ ಅದು ಚೌಕಟ್ಟಿನಾಚೆ ಅಡಗುತ್ತಿತ್ತು, ಕಂಪ್ಯೂಟರಿಗೆ ಇಳಿಸಿಕೊಂಡಾಗ (ಕ್ಯಾಪ್ಚರ್) ಮಾತ್ರ ಕಾಣುತ್ತದೆ. ಫಿಲ್ಟರ್‌ಗಳು ಅದನ್ನು ಪರದೆಯ ನಡುವೆ ಎಲ್ಲೆಂದರಲ್ಲಿ ಎಳೆಯುತ್ತವೆ. ಬಲ್ಲವರಿಗೆ ಕೂಡಲೇ ಗೊತ್ತಾಗುತ್ತದೆ.

ಜೋಡಣೆ ಹೀಗೆ: ಲ್ಯಾಪ್‌ಟಾಪ್, ಎಚ್‌ಡಿಎಂಐಯಿಂದ ಎವಿ ಕನ್ವರ್ಟರ್ (ಲ್ಯಾಪ್‌ಟಾಪಿನ ಚಿತ್ರವನ್ನು ಹಳೇ ಟಿವಿ ಸಿಗ್ನಲ್‌ಗೆ ಬದಲಿಸುವ ಪೆಟ್ಟಿಗೆ), ವಿಸಿಆರ್, ಅಲ್ಲಿಂದ ಯುಎಸ್‌ಬಿ ಕ್ಯಾಪ್ಚರ್. ಲ್ಯಾಮಿಂಗ್ಟನ್ ರೋಡಿನಲ್ಲಿ ಕನ್ವರ್ಟರ್ ಕೊಳ್ಳುವಾಗ ಪಾಲ್/ಎನ್‌ಟಿಎಸ್‌ಸಿ ಸ್ವಿಚ್ (ಭಾರತದ ಮತ್ತು ಅಮೆರಿಕದ ಹಳೇ ಟಿವಿ ಪದ್ಧತಿಗಳ ನಡುವೆ ಬದಲಿಸುವುದು) ಇದೆಯೇ ನೋಡಿ. ಅದು ಎನ್‌ಟಿಎಸ್‌ಸಿಯಲ್ಲಿದ್ದರೆ ಪಾಲ್ ವಿಸಿಆರ್‌ನಲ್ಲಿ ಚಿತ್ರ ಉರುಳುತ್ತದೆ, ಬಣ್ಣವೂ ಹೋಗುತ್ತದೆ. ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಗಳಷ್ಟೇ ವಿವರ ಉಳಿಯುವುದು. ನಮ್ಮ 2 ಪಿಕ್ಸೆಲ್ ಕಣ್ಣುಗುಡ್ಡೆಗಳು ಮಾಯವಾದವು, 5ಕ್ಕೆ ದಪ್ಪಗೊಳಿಸಿದೆವು. ಕೆಂಪು ಪಕ್ಕಕ್ಕೆ ಹರಿಯುತ್ತದೆ, ಆದ್ದರಿಂದ ಹುಡುಗನ ಅಜ್ಜಿಯ ಸೀರೆ ಈಗ ಇಟ್ಟಿಗೆ ಬಣ್ಣ. ಹಳೇ ಟೇಪಿನ ಸಿಗ್ನಲ್ ತೂಗಾಡಿದರೆ ಕ್ಯಾಪ್ಚರ್ ಫ್ರೇಮ್ ಬಿಡುತ್ತದೆ, ಮಾತು ತುಟಿಗಿಂತ ಹಿಂದೆಮುಂದಾಗುತ್ತದೆ.

ಚೋರ್ ಬಜಾರಿನ ಹಳೆಯ ಕ್ಯಾಸೆಟ್‌ಗಳ ವಿಷಯದಲ್ಲಿ ಎಚ್ಚರ. ಮುಂಬೈ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಕಿಟಕಿಯಲ್ಲಿ ಸುರುಳಿಯ ಅಂಚು ಬೆಳ್ಳಗೆ ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಹೆಡ್ ಕಟ್ಟಿಕೊಳ್ಳುತ್ತದೆ, ಮುಂದಿನ ಟೇಪಿಗೂ ಹರಡುತ್ತದೆ. ಹೆಡ್ ಒರೆಸಲು ಪ್ಲಗ್ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ತೊಯ್ಸಿದ ಮೆದು ಚರ್ಮದ ತುಂಡನ್ನು ಹೆಡ್ ಕೂತಿರುವ ಡ್ರಮ್ಮಿಗೆ ಅಲುಗದಂತೆ ಹಿಡಿದು, ಡ್ರಮ್ಮನ್ನೇ ಕೈಯಿಂದ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ, ಅದು ಬೇಡ.

ಬಾಗಿಲ ಬಳಿ ಮಿಂಚು ಹಾಕುವ ಯೋಚನೆ ಕೈಬಿಟ್ಟಿದ್ದೇವೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್‌ನ ಒಂದು ಕಂತಿನ ಕೆಂಪು-ನೀಲಿ ಮಿಂಚಿಗೆ 600ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು; ಆ ಕಂತು ಮತ್ತೆ ಪ್ರಸಾರವಾಗಲೇ ಇಲ್ಲ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಯಾವ ಭಯದ ಚಿತ್ರದಲ್ಲೂ ಇರಬಾರದು.

ಉಳಿದದ್ದು ದನಿ. ಮೊಮ್ಮಗನದು ಹಿಂದಿ ಬೆರೆತ ಮುಂಬೈ ಕನ್ನಡ, ಅಜ್ಜಿಯದು ಕುಂದಾಪ್ರದ್ದು. ಅವಳಿಗೆ ಇರುವುದು ಒಂದೇ ಮಾತು, "ಬಾಗಿಲ್ ಹಾಕ್ ಮಗಾ". ಅದರಡಿ ಸಂಗೀತ ಇರುವುದಿಲ್ಲ, ಟೇಪಿನ ಸುಯ್ ಸದ್ದು ಮಾತ್ರ.