ಮರುಭೂಮಿಯಲ್ಲೂ ಕೊಡೆ

ಮಂಗಳೂರಲ್ಲಿ ಮಳೆ ಹಿಡಿದಿದೆ, ಬಟ್ಟೆ ಒಣಗುತ್ತಿಲ್ಲ. ಅಕ್ಕನ ಮಗ ಅಮೆರಿಕದಲ್ಲಿ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಅನ್ನೋ ಉದ್ದದ ಚಾರಣದ ದಾರಿಯಲ್ಲಿ ನಡೆಯುತ್ತಿದ್ದಾನೆ. ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿವರೆಗೆ, ಸುಮಾರು 4,265 ಕಿ.ಮೀ. ಮೊದಲು ಮರುಭೂಮಿ, ಆಮೇಲೆ ಸಿಯೆರಾ ನೆವಾಡಾ ಬೆಟ್ಟಸಾಲಿನ ಹಿಮ. ಬೇಗ ಹೊರಟರೆ ಹಿಮ ಕರಗಿರಲ್ಲ, ತಡವಾದರೆ ಮರುಭೂಮಿಯ ಬಿಸಿಲು ಬಿಡಲ್ಲ. ಅದಕ್ಕೇ ಜಾಸ್ತಿ ಜನ ಏಪ್ರಿಲ್, ಮೇಯಲ್ಲಿ ಹೊರಡೋದು.

ಮರುಭೂಮಿಯ ಫೋಟೋದಲ್ಲಿ ಅವನ ಕೈಯಲ್ಲಿ ಕೊಡೆ! ಹೊರಗೆ ಬೆಳ್ಳಿ ಬಣ್ಣ, ಬಿಸಿಲು ತಡೆಯೋಕೆ. "ಮಳೆ ಇಲ್ಲದಲ್ಲಿ ಕೊಡೆ ಎಂಥಕ್ಕೆ ಮಾರಾಯ್ತಿ?" ಅಂದರು ಅಮ್ಮ.

ಈಗ ಸಿಯೆರಾದಲ್ಲಿದ್ದಾನೆ. ನೀರಿನ ಫಿಲ್ಟರನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಪಕ್ಕದಲ್ಲೇ ಮಲಗಿಸಿಕೊಳ್ಳಬೇಕಂತೆ. ಒಳಗಿನ ಕೂದಲೆಳೆಯಂಥ ಕೊಳವೆಗಳಲ್ಲಿ ಉಳಿದ ನೀರು ಹೆಪ್ಪುಗಟ್ಟಿದರೆ ಅವು ಸೀಳಬಹುದು, ಹೊರಗಿಂದ ಗೊತ್ತೇ ಆಗಲ್ಲ. ಹಿಮದ ಘಾಟಿ ದಾಟೋದು ಬೆಳಗಿನ ಜಾವ. ಬಿಸಿಲೇರಿದರೆ ಹಿಮ ಮೆತ್ತಗಾಗಿ ಕಾಲು ತೊಡೆವರೆಗೂ ಹೂತುಹೋಗುತ್ತದೆ. ನಾವು ಕುದುರೆಮುಖದಲ್ಲಿ ಉಂಬಳ ಕಿತ್ತು ಎಸೆದದ್ದನ್ನೇ ದೊಡ್ಡ ಸಾಹಸ ಅಂತ ಹೇಳಿಕೊಂಡು ತಿರುಗಿದವರು.

ದೂರ ಹೇಗೋ ನಡೆಯಬಹುದು. ಬಿಸಿಲು, ಹಿಮ ಎರಡಕ್ಕೂ ಬೇಕಾದ್ದನ್ನು ಒಂದೇ ಬೆನ್ನ ಮೇಲೆ ಹೊರುವ ಲೆಕ್ಕಾಚಾರ ಕಷ್ಟ, ಅಲ್ವಾ?

ಅಮ್ಮನಿಗೆ ಅವನಿಗೆ ಗಂಜಿ ಸಿಗುವುದಿಲ್ಲವಲ್ಲ ಅನ್ನೋದೇ ಚಿಂತೆ. ಅಲ್ಲಿ ಊಟವನ್ನು ಕರಡಿಗೆ ತೆಗೆಯಲಾಗದ ಡಬ್ಬಿಯಲ್ಲಿ ಇಡಬೇಕು ಅನ್ನೋದನ್ನು ನಾನಿನ್ನೂ ಹೇಳಿಲ್ಲ.