ತಲೆಗೂದಲಿಗೂ ಉಗುರಿಗೂ ಏನು ಸಂಬಂಧ?

ಧಾರವಾಡದ ನಮ್ಮ ಮನೆಯ ಪಡಸಾಲೆಗೆ ಕಸೂತಿ ಕಲಿಯಲು ಬರುವ ಹುಡುಗಿಯರ ಕಣ್ಣು ಮೊದಲು ಸೂಜಿಯ ಮೇಲಿರುತ್ತದೆ, ಆಮೇಲೆ ನನ್ನ ಉಗುರಿನ ಮೇಲೆ. "ಅಕ್ಕಾರ, ಉಗರ ಯಾಕ್ರೀ ಹಿಂಗಾಗ್ಯಾವ? ಸೋಡಾ ಹಾಕಿ ಅರಬಿ ಒಗೀತೀರೇನು?" ಕ್ಯಾಲ್ಸಿಯಂ ಕಡಿಮೆ ಅನ್ನುವವರೂ ಇದ್ದಾರೆ. ಕೂದಲು ಉದುರಿಸಿದ ರೋಗವೇ ಉಗುರಿಗೂ ಬಂದಿದೆ ಎಂದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ. "ತಲೀಗೂ ಉಗರಿಗೂ ಎಲ್ಲೀ ಸಂಬಂಧರೀ?"

ಸಂಬಂಧ ಹತ್ತಿರದ್ದೇ. ಕೂದಲು, ಉಗುರು ಎರಡೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು, ಎರಡೂ ಚರ್ಮದೊಳಗಿನ ಬೇರಿನಿಂದ ಬೆಳೆಯುವಂಥವು. ನನಗಿರುವುದು ಅಲೋಪೇಶಿಯಾ ಏರಿಯಾಟಾ. ನಮ್ಮ ಕಡೆ "ಹುಳ ತಿಂದದ" ಅನ್ನುತ್ತಾರೆ, ಆಯುರ್ವೇದದಲ್ಲಿ ಇಂದ್ರಲುಪ್ತ. ಹುಳದಿಂದ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಕೂದಲಿನ ಬುಡದ ಮೇಲೆ ಬೀಳುತ್ತದೆ. ಕೆಲವರಲ್ಲಿ ಉಗುರಿನ ಬೇರನ್ನೂ ಬಿಡುವುದಿಲ್ಲ. ಆ ಬೇರಿನ ಜೀವಕೋಶಗಳು ಅಲ್ಲಲ್ಲಿ ಸರಿಯಾಗಿ ಗಟ್ಟಿಯಾಗದೆ, ಉಗುರು ಮುಂದೆ ಸರಿದಂತೆ ಉದುರಿಹೋಗುತ್ತವೆ. ಅಲ್ಲಿ ಕುಳಿ ಉಳಿಯುತ್ತದೆ.

ನನ್ನ ಎಡ ಹೆಬ್ಬೆರಳನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕುಳಿಗಳು ಸಾಲಾಗಿ ಕಾಣುತ್ತವೆ, ಎಳೆ ಎಣಿಸಿ ಸೂಜಿ ಚುಚ್ಚಿದ ಹಾಗೆ. ಸಣ್ಣವು, ಆಳವಿಲ್ಲ. ಸೋರಿಯಾಸಿಸ್ ಎಂಬ ಚರ್ಮರೋಗದ ಕುಳಿಗಳು ಸಾಮಾನ್ಯವಾಗಿ ಇದಕ್ಕಿಂತ ಆಳ, ಅಡ್ಡಾದಿಡ್ಡಿ. ತೋರುಬೆರಳಿನ ಉಗುರಂತೂ ಪೂರ್ತಿ ಸ್ಯಾಂಡ್ ಪೇಪರ್ ತಿಕ್ಕಿದಷ್ಟು ಒರಟು. ಇಳಕಲ್ ಸೀರೆಯ ಸೆರಗು ಹಿಡಿದರೆ ರೇಷ್ಮೆ ಎಳೆ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಬೇರೆಯವರ ಸೀರೆ ಕೈಗೆತ್ತಿಕೊಳ್ಳಲು ಒಂದು ವರ್ಷ ಅಂಜಿದ್ದೇನೆ.

ನನಗೆ ಮೊದಲು ಕೆಟ್ಟಿದ್ದು ಉಗುರೇ. ಫಂಗಸ್ ಇರಬೇಕೆಂದು ನಾನೇ ತೀರ್ಮಾನಿಸಿ ಮೂರು ತಿಂಗಳು ಮುಲಾಮು ಹಚ್ಚಿದೆ, ದಂಡವಾಯಿತು. ಫಂಗಸ್ ಆದರೆ ಉಗುರು ದಪ್ಪಗಾಗಿ, ಹಳದಿ ತಿರುಗಿ, ಪುಡಿಪುಡಿಯಾಗುವುದು ಹೆಚ್ಚು. ಉಗುರಿನ ಚೂರನ್ನು ಪರೀಕ್ಷೆಗೆ ಕೊಟ್ಟರೆ ತಿಳಿಯುತ್ತದೆ. ಒಂದು ದಿನ ತಂಗಿ ಹೆರಳು ಹಾಕುವಾಗ ಕಿವಿಯ ಹಿಂದೆ ರೂಪಾಯಿಯಷ್ಟು ಜಾಗ ನುಣ್ಣಗಾಗಿದ್ದನ್ನು ಕಂಡಳು. ಚರ್ಮದ ಡಾಕ್ಟರು ತಲೆ ನೋಡಿದವರೇ "ಎರಡೂ ಕೈ ತೋರಸ್ರಿ" ಅಂದರು. ಉಗುರೂ ಕೆಟ್ಟವರಲ್ಲಿ ಕೂದಲಿನ ರೋಗ ಹೆಚ್ಚು ಹರಡುವ ಸಂಭವವಿರುತ್ತದೆ, ಮಕ್ಕಳಲ್ಲಿ ಉಗುರಿನ ತೊಂದರೆ ಇನ್ನೂ ಹೆಚ್ಚು ಕಾಣುತ್ತದೆ. ಅದಕ್ಕೇ ನೋಡುತ್ತಾರೆ.

ಎಲ್ಲರದೂ ಇದೇ ರೋಗವಲ್ಲ. ಡೆಂಗಿ, ಟೈಫಾಯ್ಡ್ ಬಂದುಹೋದ ಎರಡು ಮೂರು ತಿಂಗಳಿಗೆ ಕೂದಲು ಉದುರಿ, ಉಗುರಿನಲ್ಲಿ ಅಡ್ಡ ಗೆರೆ ಬಿದ್ದಿದ್ದರೆ ಅದು ಜ್ವರದ ಗುರುತು. ಉಗುರು ಬೆಳೆದಂತೆ ಹೋಗುತ್ತದೆ. ಉಗುರು ಚಮಚದಂತೆ ತಗ್ಗಾಗಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ ನೋಡಿಸಬೇಕು. ನಾನು ಅಂಜುವುದು ಲೈಕೆನ್ ಪ್ಲೇನಸ್ ಎಂಬ ಚರ್ಮರೋಗಕ್ಕೆ. ಉಗುರು ತೆಳುವಾಗಿ ಉದ್ದಕ್ಕೆ ಸೀಳುತ್ತದೆ, ಬುಡದ ಚರ್ಮ ಉಗುರಿನ ಮೇಲೆ ಹಬ್ಬುತ್ತದೆ. ಹಾಗೆ ಹಬ್ಬಿದರೆ ಉಗುರು ಮೊದಲಿನಂತಾಗುವುದಿಲ್ಲ. ತಲೆಯಲ್ಲಿ ಬಂದರೂ ಕೂದಲಿನ ಬುಡವನ್ನೇ ಮುಗಿಸಿಬಿಡುತ್ತದೆ. ಇದಕ್ಕೆ ಒಂದು ವಾರವೂ ತಡ ಮಾಡಬೇಡಿ.

ನನ್ನ ತಲೆಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. ಕೂದಲು ಮೊದಲು ಬೆಳ್ಳಗೆ, ಆಮೇಲೆ ಕಪ್ಪಗೆ ಬಂತು. ಉಗುರಿನದು ನಿಧಾನ. ಕೈಯುಗುರು ತಿಂಗಳಿಗೆ ಬೆಳೆಯುವುದೇ ಸುಮಾರು 3 ಮಿಲಿಮೀಟರ್. ಪೂರ್ತಿ ಹೊಸದಾಗಲು 6 ತಿಂಗಳು, ಕಾಲಿನದಕ್ಕೆ 12ರಿಂದ 18 ತಿಂಗಳು ಬೇಕು. ಎರಡು ವಾರಕ್ಕೇ ಔಷಧ ಬದಲಿಸುವವರನ್ನು ಕಂಡರೆ ಸಂಕಟವಾಗುತ್ತದೆ. ಅಲೋಪೇಶಿಯಾ ಏರಿಯಾಟಾ ತೀವ್ರವಾಗಿರುವ ವಯಸ್ಕರಿಗೆ ಬ್ಯಾರಿಸಿಟಿನಿಬ್ ಮಾತ್ರೆಯನ್ನು ಅಮೆರಿಕದಲ್ಲಿ 2022ರಲ್ಲಿ ಒಪ್ಪಿದರು. ರಕ್ತಪರೀಕ್ಷೆ ಮಾಡಿಸುತ್ತ, ಡಾಕ್ಟರ ನಿಗಾದಲ್ಲೇ ತೆಗೆದುಕೊಳ್ಳಬೇಕಾದ ಮಾತ್ರೆ ಅದು. ಬಳ್ಳೊಳ್ಳಿ ಅರೆದು ತಲೆಗೆ ತಿಕ್ಕಬೇಡಿ, ಚರ್ಮ ಸುಡುತ್ತದೆ.

ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆ, ಅಂದರೆ ಮೊದಲಿನ ಕಿಮ್ಸ್‌ನಲ್ಲಿ ಚರ್ಮರೋಗ ವಿಭಾಗವಿದೆ. ಎಲ್ಲಿಗೇ ಹೋಗಿ, ನೇಲ್ ಪಾಲಿಶ್ ಒರೆಸಿಕೊಂಡು ಹೋಗಿ. ಮೆಹಂದಿ ಹಚ್ಚಿದ್ದರೆ ಉಗುರಿನ ಬಣ್ಣ ತಿಂಗಳುಗಟ್ಟಲೆ ಕಾಣುವುದಿಲ್ಲ, ಅದನ್ನೂ ಹೇಳಿ. ಕೇಳದಿದ್ದರೂ ಕಾಲಿನದು ಸೇರಿ ಇಪ್ಪತ್ತೂ ಉಗುರು ತೋರಿಸಿ.