ಹೆಣ್ಣುಮಕ್ಕಳೇ ನೀರು ಬಿಟ್ಟ ಒಂದು ದಾನ

ವೈಶಾಖ ಹುಣ್ಣಿಮೆ ಕಳೆದ ಭಾನುವಾರ ಬೆಂಗಳೂರಿನ ವಿಜಯನಗರದ ಮೂರನೇ ಮಹಡಿಯ ಸಣ್ಣ ಮನೆಯೊಂದರಲ್ಲಿ, ತೀರಿಹೋದ ತಾಯಿಯ ಹೆಸರಿನಲ್ಲಿ ದಾನ, ಅಂದರೆ ಬೌದ್ಧ ಸನ್ಯಾಸಿಗಳನ್ನು ಮನೆಗೆ ಕರೆದು ಊಟ ಕೊಡುವ ಕಾರ್ಯ, ಇತ್ತು. ಕೊಡುವವರು ಅಕ್ಕ ತಂಗಿ ಇಬ್ಬರೇ. ಅಣ್ಣತಮ್ಮಂದಿರಿಲ್ಲ, ಅಪ್ಪ ಮೊದಲೇ ಹೋಗಿದ್ದಾರೆ. ಊಟಕ್ಕೆ ಬಂದವರು ಶ್ರೀಲಂಕಾದಲ್ಲಿ ಉಪಸಂಪದೆ (ಪೂರ್ಣ ದೀಕ್ಷೆ) ಪಡೆದ ಇಬ್ಬರು ಭಿಕ್ಖುಣಿಯರು, ಅಂದರೆ ಬೌದ್ಧ ಸನ್ಯಾಸಿನಿಯರು. ಶೀಲ, ಅಂದರೆ ಸದಾಚಾರದ ವ್ರತ, ಕೊಟ್ಟದ್ದರಿಂದ ಹಿಡಿದು ಕೊನೆಗೆ ನೀರು ಬಿಟ್ಟದ್ದರವರೆಗೆ ಯಾವುದಕ್ಕೂ ಗಂಡಸನ್ನು ಹುಡುಕಿ ಕರೆತರಬೇಕಾಗಲಿಲ್ಲ. ಬೆಂಗಳೂರಿನಲ್ಲಿ ಹೆಂಗಸರೇ ನಡೆಸುವ ಇಂಥ ಮನೆಗಳು ಬೇಕಾದಷ್ಟಿವೆ. ಅವರಿಗೆ ಉಪಯೋಗವಾಗಲಿ ಎಂದು ಆ ದಿನದ ಕ್ರಮವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಈ ಊರಿನಲ್ಲಿ ದಾನ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಗಾಂಧಿನಗರದ ಮಹಾಬೋಧಿ ಸೊಸೈಟಿ ಮತ್ತು ಕಾವಿ ತೊಟ್ಟ ಭಿಕ್ಖುಗಳು. ಭಿಕ್ಖುಗಳನ್ನು ಮನೆಗೆ ಕರೆಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ವಿನಯದ, ಅಂದರೆ ಸಂಘದ ನಿಯಮಗ್ರಂಥದ, ಕಟ್ಟುಪಾಡು ನೋಡಿ: ತಿಳಿವಳಿಕೆಯುಳ್ಳ ಗಂಡಸೊಬ್ಬ ಜೊತೆಯಲ್ಲಿಲ್ಲದೆ ಭಿಕ್ಖುವು ಹೆಂಗಸಿಗೆ ಐದಾರು ಮಾತಿಗಿಂತ ಹೆಚ್ಚು ಧರ್ಮ ಹೇಳುವಂತಿಲ್ಲ. ಕೇಳಿದ ಪ್ರಶ್ನೆಗೆ ಉತ್ತರಿಸಬಹುದು, ಅಷ್ಟೇ. ಒಬ್ಬಳೇ ಇರುವ ಹೆಂಗಸಿನ ಜೊತೆ ಮರೆಯಲ್ಲಿ ಕೂರುವಂತೆಯೂ ಇಲ್ಲ. ಹಾಗಾಗಿ ಅವಳು ಪಕ್ಕದ ಮನೆಯ ಯಜಮಾನರನ್ನೋ ಆಫೀಸಿನ ಸಹೋದ್ಯೋಗಿಯನ್ನೋ ಕರೆದು ಕೂರಿಸಬೇಕು. ತಾಯಿಯ ಸಾವಿನ ದುಃಖವನ್ನು ಅವರೆದುರು ಮನಬಿಚ್ಚಿ ಹೇಳಲಾಗುತ್ತದೆಯೇ? ಭಿಕ್ಖುಣಿಯರು ಬಂದರೆ ಈ ತೊಡಕೇ ಇಲ್ಲ. ಭಿಕ್ಖುಣಿ ಸಂಘ ಬೇಕು ಎನ್ನುವಾಗ ಸಮಾನತೆ, ಗೌರವ ಎಂದೆಲ್ಲ ಮಾತಾಡುತ್ತೇವೆ, ಸರಿ. ಅದಕ್ಕಿಂತ ಮೊದಲು, ಅದಿಲ್ಲದಿದ್ದರೆ ಹೆಂಗಸರಿಗೆ ಧರ್ಮ ಅರ್ಧವೇ ಸಿಗುತ್ತದೆ ಎಂಬುದನ್ನು ನೋಡಬೇಕು.

ಆಹ್ವಾನ ಕೊಡುವಾಗ ಇಬ್ಬರನ್ನೇ ಕರೆಯಬೇಕು. ಭಿಕ್ಖುಣಿ ಒಬ್ಬಳೇ ಊರೊಳಗೆ ಹೋಗುವಂತಿಲ್ಲ, ಒಬ್ಬಳೇ ರಾತ್ರಿ ಕಳೆಯುವಂತಿಲ್ಲ. ಅದು ಅವರ ಪಾತಿಮೋಕ್ಖದ (ನಿಯಮಾವಳಿಯ) ಭಾರೀ ನಿಯಮಗಳಲ್ಲಿ ಒಂದು. ಒಬ್ಬರಿಗೆ ಮಾತ್ರ ರೈಲು ಟಿಕೆಟ್ ಕಳಿಸಿದರೆ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದ ಹಾಗೆ. ಇಂಥವರೇ ಬರಲಿ ಎಂದು ಹೆಸರು ಹಿಡಿದು ಕೇಳುವ ಬದಲು ‘ಸಂಘದಿಂದ ಇಬ್ಬರನ್ನು ಕಳುಹಿಸಿಕೊಡಿ’ ಎಂದು ಕೇಳಿದರೆ ಅದು ಸಂಘದಾನವೇ, ಅಂದರೆ ಇಡೀ ಸಂಘಕ್ಕೆ ಕೊಟ್ಟ ದಾನವೇ, ಆಗುತ್ತದೆ. ಅಕ್ಕ ತಂಗಿ ಹಾಗೆಯೇ ಕೇಳಿದ್ದರು.

ಇನ್ನು ಅಡುಗೆಮನೆ. ಎಡವುವುದು ಹೆಚ್ಚಾಗಿ ಇಲ್ಲೇ. ಭಿಕ್ಖುಣಿಯರು ಬೆಳ್ಳುಳ್ಳಿ ತಿನ್ನುವಂತಿಲ್ಲ. ಒಗ್ಗರಣೆಗೆ ಹಾಕಲಿಲ್ಲ ಎಂದು ನಿಶ್ಚಿಂತರಾದರೆ ಸಾಲದು; ಅಂಗಡಿಯಿಂದ ತಂದ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳದ ಪೊಟ್ಟಣದ ಮೇಲೆ ಬರೆದದ್ದನ್ನೂ ಓದಬೇಕು. ಇನ್ನೊಂದು ವಿಷಯ ನಮ್ಮ ಬಡಿಸುವ ಪದ್ಧತಿಗೇ ವಿರುದ್ಧ. ತುಪ್ಪ, ಎಣ್ಣೆ, ಜೇನು, ಬೆಲ್ಲ, ಮೀನು, ಮಾಂಸ, ಹಾಲು, ಮೊಸರು, ಈ ಎಂಟನ್ನು ಕಾಯಿಲೆಯಿಲ್ಲದ ಭಿಕ್ಖುಣಿ ತಾನಾಗಿ ಕೇಳಿದರೆ ದೋಷ. ‘ಬೇಕಾದರೆ ಕೇಳಿ, ಸಂಕೋಚ ಬೇಡ’ ಎಂದು ನಾವು ಉಪಚಾರಕ್ಕೆ ಹೇಳಿ ಒಳಗೆ ಹೋದರೆ ಅವರು ಬರಿ ಸಾರನ್ನದಲ್ಲೇ ಊಟ ಮುಗಿಸುತ್ತಾರೆ. ತುಪ್ಪದ ಗಿಂಡಿ, ಮೊಸರಿನ ಬಟ್ಟಲು ಕೇಳುವ ಮುಂಚೆಯೇ ಎದುರಿಗೆ ಬರಬೇಕು.

ಹಣ್ಣಿನ ತಟ್ಟೆಯಲ್ಲಿ ದಾಳಿಂಬೆ, ದ್ರಾಕ್ಷಿ, ಸೀಬೆ ಇದ್ದವು. ಮೊಳೆಯುವ ಬೀಜವಿರುವ ಹಣ್ಣನ್ನು ಹಾಗೆಯೇ ಕೊಡುವಂತಿಲ್ಲ. ಹಿರಿಯ ಭಿಕ್ಖುಣಿ ‘ಕಪ್ಪಿಯಂ ಕರೋಹಿ’ (ತಿನ್ನಲು ಯೋಗ್ಯವಾಗಿಸು) ಎಂದರು. ತಂಗಿ ಒಂದು ಸೀಬೆಹಣ್ಣಿಗೆ ಚಾಕುವಿನ ತುದಿ ಒತ್ತಿ, ಒತ್ತುತ್ತಲೇ ‘ಕಪ್ಪಿಯಂ ಅಯ್ಯೇ’ (ಯೋಗ್ಯವಾಗಿದೆ, ಆರ್ಯೆ) ಎಂದಳು. ಹಣ್ಣುಗಳೆಲ್ಲ ಒಂದಕ್ಕೊಂದು ತಾಗಿಕೊಂಡಿದ್ದರೆ ಒಂದಕ್ಕೆ ಚುಚ್ಚಿದರೆ ಸಾಕು. ಬೇರೆ ಬೇರೆ ಬಟ್ಟಲಲ್ಲಿದ್ದರೆ ಒಂದೊಂದು ಬಟ್ಟಲಿಗೂ ಮಾಡಬೇಕು. ಬೀಜವಿಲ್ಲದ ಬಾಳೆಹಣ್ಣಿಗೆ ಇದು ಬೇಕಿಲ್ಲ.

ಬಡಿಸುವಾಗ ಪ್ರತಿಯೊಂದನ್ನೂ ಕೈಯಾರೆ, ಹತ್ತಿರ ಹೋಗಿ, ಸ್ವಲ್ಪ ಎತ್ತಿ ಕೊಡಬೇಕು. ದೊಡ್ಡ ಊಟದ ಮೇಜಿನ ಮೇಲೆಲ್ಲ ಹರಡಿ ‘ತೆಗೆದುಕೊಳ್ಳಿ’ ಎಂದರೆ ಅದು ಕೊಟ್ಟಂತಾಗುವುದಿಲ್ಲ, ಏಕೆಂದರೆ ಒಬ್ಬ ಸಾಧಾರಣ ಮನುಷ್ಯ ಎತ್ತಲಾಗದ್ದನ್ನು ದಾನವೆಂದು ಸ್ವೀಕರಿಸುವಂತಿಲ್ಲ. ಒಮ್ಮೆ ಒಪ್ಪಿಸಿದ ಪಾತ್ರೆಯನ್ನು ನಾವು ಮತ್ತೆ ಎತ್ತಿ ಪಕ್ಕಕ್ಕಿಟ್ಟರೆ ಮರಳಿ ಒಪ್ಪಿಸಬೇಕು. ಸಹಾಯಕ್ಕೆ ಬಂದ ನೆಂಟರು ಮಾಡುವ ಎಡವಟ್ಟು ಇದೇ: ಮೇಜು ಚೊಕ್ಕವಾಗಿರಲಿ ಎಂದು ಕೈ ಹಾಕುತ್ತಲೇ ಇರುತ್ತಾರೆ. ಬಡಿಸಲು ಗಂಡಸರಿದ್ದರೂ ಅಡ್ಡಿಯಿಲ್ಲ. ಕೈ ತಾಗದಂತೆ ಮುಂದಿಟ್ಟು ಹಿಂದೆ ಸರಿಯಬೇಕು. ಭಿಕ್ಖುಗಳ ಮುಂದೆ ಹೆಂಗಸರು ಪಾಲಿಸುವ ಅಂತರವನ್ನು ಇಲ್ಲಿ ಅವರು ಪಾಲಿಸುತ್ತಾರೆ.

ಹೊತ್ತಿನ ಲೆಕ್ಕ ಬಿಗಿ. ಸೂರ್ಯ ನೆತ್ತಿ ದಾಟಿದ ಮೇಲೆ ಊಟವಿಲ್ಲ. ಬೆಂಗಳೂರಿನಲ್ಲಿ ಆ ನಡುಹಗಲು ಗಡಿಯಾರದ 12ಕ್ಕೆ ಬರುವುದಿಲ್ಲ. ಮೇ ತಿಂಗಳಲ್ಲಿ ಸುಮಾರು 12:16, ನವೆಂಬರ್ ಮೊದಲಲ್ಲಿ 12:03, ಫೆಬ್ರವರಿಯಲ್ಲಿ 12:34ರವರೆಗೂ ಹೋಗುತ್ತದೆ. 12ಕ್ಕೆ ಕೈ ತೊಳೆಯುವಂತೆ ನೋಡಿಕೊಂಡರೆ ವರ್ಷವಿಡೀ ಕ್ಷೇಮ. 10:30ಕ್ಕೆ ತ್ರಿಶರಣ, ಪಂಚಶೀಲ, ಬುದ್ಧನ ಮುಂದೆ ಸಣ್ಣ ತಟ್ಟೆಯ ನೈವೇದ್ಯ. 11:10ರೊಳಗೆ ಪಾತ್ರೆಗೆ ಅನ್ನ ಬಿದ್ದರೆ ಆತುರವಿಲ್ಲದೆ ಉಣ್ಣಬಹುದು. ಮಾಗಡಿ ರಸ್ತೆಯ ಟ್ರಾಫಿಕ್ ನಂಬಿ ಕೂರಬೇಡಿ, ಅವರನ್ನು ಹತ್ತಕ್ಕೇ ಮನೆ ಮುಟ್ಟಿಸಿ.

ಆವತ್ತು ಶೀಲ ತೆಗೆದುಕೊಳ್ಳುವಾಗ ಸಂಬಂಧಿಕರ ಹುಡುಗಿಯೊಬ್ಬಳು ಬಾಗಿಲಾಚೆಯೇ ನಿಂತಿದ್ದಳು. ಮುಟ್ಟಾಗಿದ್ದಾಳೆ ಎಂದು ಯಾರೋ ಪಿಸುಗುಟ್ಟಿದರು. ಹಿರಿಯ ಭಿಕ್ಖುಣಿ ಅವಳನ್ನು ಒಳಗೆ ಕರೆದು ಮುಂದಿನ ಸಾಲಿನಲ್ಲೇ ಕೂರಿಸಿದರು. ವಿನಯದಲ್ಲಿ ಮುಟ್ಟಿನ ಪ್ರಸ್ತಾಪ ಬರುವುದು ಮುಖ್ಯವಾಗಿ ಬಟ್ಟೆಯ ವಿಷಯವಾಗಿ: ಅದಕ್ಕೆಂದೇ ವಿಹಾರದಲ್ಲಿಟ್ಟ ಬಟ್ಟೆಯನ್ನು ಬಳಸಿ, ಮುಗಿದ ಮೇಲೆ ಇನ್ನೊಬ್ಬ ಭಿಕ್ಖುಣಿಗೆ ಬಿಟ್ಟುಕೊಡಬೇಕು ಎಂದು. ಪೂಜೆಗೆ ಬರಬಾರದು ಎಂಬ ಮಾತು ಅಲ್ಲಿಲ್ಲ. ನಾವು ಹುಟ್ಟಿದ ಮನೆಗಳಿಂದ ಹೊತ್ತು ತಂದ ಮಡಿಯನ್ನು ಬುದ್ಧನ ಹೊಸ್ತಿಲಿಗೆ ಕಟ್ಟುವುದು ಬೇಡ.

ಊಟವಾದ ಮೇಲೆ ಪುಣ್ಯಾನುಮೋದನೆ. ತಟ್ಟೆಯಲ್ಲಿ ಒಂದು ಬಟ್ಟಲು, ಕೈಯಲ್ಲಿ ನೀರು ತುಂಬಿದ ತಂಬಿಗೆ. ‘ಇದಂ ಮೇ ಞಾತೀನಂ ಹೋತು’, ಈ ಪುಣ್ಯ ನನ್ನ ಬಂಧುಗಳಿಗೆ ಸಲ್ಲಲಿ, ಎನ್ನುತ್ತ ಬಟ್ಟಲು ತುಂಬಿ ಹರಿಯುವವರೆಗೆ ನೀರು ಬಿಡಬೇಕು. ಧಾರೆ ದಪ್ಪವಾದರೆ ಪಠಣ ಮುಗಿಯುವ ಮೊದಲೇ ತಂಬಿಗೆ ಬರಿದಾಗುತ್ತದೆ. ಕಿರಿದಾದ ಮೂತಿಯ ಗಿಂಡಿ ಒಳ್ಳೆಯದು. ಅಕ್ಕ ತಂಗಿ ಇಬ್ಬರೂ ಸೇರಿ ತಂಬಿಗೆ ಹಿಡಿದಿದ್ದರು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಎಳ್ಳುನೀರು ಬಿಡುವ ಅಧಿಕಾರವಿಲ್ಲ ಎಂದು ಚಿಕ್ಕಪ್ಪನ ಮಗನನ್ನು ಕೂರಿಸಿ ಕರ್ಮ ಮಾಡಿಸುವುದನ್ನು ನೋಡಿದವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ಬಿಡಿಸಿ ಹೇಳಬೇಕಿಲ್ಲ. ನೀರನ್ನು ಆಮೇಲೆ ಗಿಡದ ಬುಡಕ್ಕೆ ಸುರಿದರು.

ಈ ಭಿಕ್ಖುಣಿಯರ ಪರಂಪರೆ ಬಹಳ ಸುತ್ತಿ ಬಂದದ್ದು. 5ನೇ ಶತಮಾನದಲ್ಲಿ ದೇವಸಾರಾ ಎಂಬ ಥೇರಿಯ (ಹಿರಿಯ ಭಿಕ್ಖುಣಿಯ) ಮುಂದಾಳತ್ವದಲ್ಲಿ ಲಂಕೆಯ ಭಿಕ್ಖುಣಿಯರು ಚೀನಾಕ್ಕೆ ಹೋಗಿ ಅಲ್ಲಿನವರಿಗೆ ಉಪಸಂಪದೆ ಕೊಟ್ಟರು. 11ನೇ ಶತಮಾನದ ಚೋಳರ ದಾಳಿಯ ನಂತರ ಲಂಕೆಯಲ್ಲೇ ಭಿಕ್ಖುಣಿ ಸಂಘ ಅಳಿಯಿತು. ಕೋಲಾರಮ್ಮನ ಗುಡಿಯಲ್ಲಿ ಶಾಸನಗಳಿರುವ ರಾಜೇಂದ್ರ ಚೋಳನ ಕಾಲವೇ ಅದು. ಚೀನೀ ಪರಂಪರೆ ಉಳಿದಿತ್ತು. 1996ರಲ್ಲಿ ಸಾರನಾಥದಲ್ಲಿ, 1998ರಲ್ಲಿ ಬೋಧಗಯಾದಲ್ಲಿ ಆ ಕೊಂಡಿಯಿಂದಲೇ ಲಂಕೆಯ ಹೆಂಗಸರು ಮತ್ತೆ ಉಪಸಂಪದೆ ಪಡೆದರು. ಥಾಯ್ಲೆಂಡಿನಲ್ಲಿ ಹೆಂಗಸರಿಗೆ ದೀಕ್ಷೆ ಕೊಡಬಾರದೆಂಬ 1928ರ ಸಂಘರಾಜರ (ಅಲ್ಲಿನ ಸಂಘದ ಮುಖ್ಯಸ್ಥರ) ಆಜ್ಞೆಯನ್ನು ಈಗಲೂ ಮುಂದೊಡ್ಡುತ್ತಾರೆ. ನಮ್ಮ ರಾಜ್ಯದ ಮುಂಡಗೋಡಿನಲ್ಲಿ ಮಾತ್ರ 2016ರ ಡಿಸೆಂಬರ್‌ನಲ್ಲಿ 20 ಟಿಬೆಟನ್ ಸನ್ಯಾಸಿನಿಯರು ದಲೈ ಲಾಮಾ ಅವರಿಂದ ಗೆಶೆಮಾ ಪದವಿ ಪಡೆದರು. ಗಂಡಸರಿಗಷ್ಟೇ ಮೀಸಲಾಗಿದ್ದ ಶಾಸ್ತ್ರಾಭ್ಯಾಸದ ಪದವಿ ಅದು.

ಎಲ್ಲ ನೆಟ್ಟಗಾಗಿದೆ ಎನ್ನಲಾರೆ. ದೀಕ್ಷೆ ಪಡೆದು ನೂರು ವರ್ಷ ಪೂರೈಸಿದ ಭಿಕ್ಖುಣಿಯೂ ಅಂದೇ ದೀಕ್ಷೆ ಪಡೆದ ಭಿಕ್ಖುವಿಗೆ ನಮಸ್ಕರಿಸಬೇಕು ಎಂಬುದು ಭಿಕ್ಖುಣಿಯರಿಗಿರುವ ಎಂಟು ಗರುಧಮ್ಮಗಳಲ್ಲಿ (ಗುರುತರ ನಿಯಮಗಳಲ್ಲಿ) ಮೊದಲನೆಯದು. ಇಬ್ಬರೂ ಸೇರುವ ದಾನಗಳಲ್ಲಿ ಆಸನವೂ ಅದರಂತೆಯೇ. ಪಾಲಿಸುವವರನ್ನು ಗೌರವಿಸುತ್ತೇನೆ, ಆದರೆ ಆ ನಿಯಮ ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಮಧ್ಯಾಹ್ನ ಧರ್ಮದ ಮಾತು ಮುಂದುವರಿದಾಗ ಬಾಯಾರಿಕೆಗೆ ಏನು ಕೊಡುವುದು ಎಂಬ ಪ್ರಶ್ನೆ ಬರುತ್ತದೆ. ಸೆಕೆಯೆಂದು ಎಳನೀರು ತರುತ್ತಾರೆ. ತೆಂಗು, ಹಲಸು, ಕಲ್ಲಂಗಡಿಯಂಥ ದೊಡ್ಡ ಹಣ್ಣುಗಳ ರಸ ಆಗ ಸಲ್ಲದು. ಮಜ್ಜಿಗೆ, ಹಾಲು, ರಾಗಿ ಅಂಬಲಿ ಊಟದ ಲೆಕ್ಕ. ಸೋಸಿದ ನಿಂಬೆ ಶರಬತ್ತು ಆಗುತ್ತದೆ. ಎಲ್ಲಕ್ಕಿಂತ ಸುಲಭ ನಮ್ಮ ಶುಂಠಿ ಏಲಕ್ಕಿ ಹಾಕಿದ ಬೆಲ್ಲದ ಪಾನಕ. ಚೆನ್ನಾಗಿ ಸೋಸಬೇಕು, ಕೋಸಂಬರಿ ಮಾತ್ರ ಜೊತೆಗಿಡಬಾರದು.

ಚೀವರ (ಭಿಕ್ಖು, ಭಿಕ್ಖುಣಿಯರು ಉಡುವ ವಸ್ತ್ರ) ಕೊಡುವವರಿಗೆ ಒಂದು ಮಾತು. ಸಿದ್ಧವಾಗಿ ಸಿಗುವ ಅಷ್ಟಪರಿಷ್ಕಾರದ (ಭಿಕ್ಖುವಿಗೆ ಬೇಕಾದ ಎಂಟು ವಸ್ತುಗಳ) ಕಟ್ಟಿನಲ್ಲಿ ಇರುವುದು ಭಿಕ್ಖುವಿನ ಮೂರು ಚೀವರ. ಭಿಕ್ಖುಣಿಗೆ ಐದು ಬೇಕು: ಆ ಮೂರರ ಜೊತೆ ಕೊರಳ ಕೆಳಗಿನಿಂದ ಹೊಕ್ಕುಳ ಮೇಲಿನವರೆಗೆ ಮುಚ್ಚುವ ಸಂಕಚ್ಚಿಕಾ, ಸ್ನಾನಕ್ಕೆ ಉಡುವ ಉದಕಸಾಟಿಕಾ. ಈ ಎರಡಕ್ಕೆ ಚಿಕ್ಕಪೇಟೆಯಲ್ಲಿ ಚೀವರದ ಬಣ್ಣಕ್ಕೆ ಹೊಂದುವ ಹತ್ತಿ ಬಟ್ಟೆ ತಂದು, ಅವರದೇ ಹಳೆಯದನ್ನು ಅಳತೆಗೆ ಕೇಳಿ ಪಡೆದು ಹೊಲಿಸಿ. ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿರಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಅಳತೆ ತಪ್ಪುತ್ತದೆ.